ಬೀಳುವುದನ್ನು ಕಲಿಯುವ ವಿದ್ಯೆ



ಜೂಡೋ ತರಗತಿಗೆ ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ವಾರ ನಿರಾಸೆಯಾಗುವುದು ಸಹಜ. ಎದುರಾಳಿಯನ್ನು ಎತ್ತಿ ಒಗೆಯುವುದನ್ನು ಕಲಿಯಲು ಬಂದರೆ, ಗುರುಗಳು ಬರೀ ಬೀಳುವುದನ್ನೇ ಹೇಳಿಕೊಡುತ್ತಾರೆ. ಹಿಂದಕ್ಕೆ ಬೀಳಬೇಕು, ಪಕ್ಕಕ್ಕೆ ಬೀಳಬೇಕು, ಮುಂದಕ್ಕೆ ಉರುಳಬೇಕು. ಜಪಾನಿ ಭಾಷೆಯಲ್ಲಿ ಇದಕ್ಕೆ 'ಉಕೆಮಿ' ಎಂದು ಹೆಸರು. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ಆರಂಭಿಸಿದ ಜಿಗೊರೊ ಕಾನೊ ಅವರು, ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಹಾಗಿದ್ದೂ ಬೀಳುವುದಂತೂ ತಪ್ಪಲಿಲ್ಲ. ನಮ್ಮ ಗರಡಿಮನೆಗಳಲ್ಲಿ ಮಟ್ಟಿಯ ಕೆಂಪು ಮಣ್ಣನ್ನು ಅಗೆದು ಹದಮಾಡಿ ಮೆತ್ತಗಿಡುವುದೂ ಇದೇ ಕಾರಣಕ್ಕಲ್ಲವೇ?

ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿಕೊಂಡರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದಿಲ್ಲ. ತೋಳನ್ನು ಚಾಚಿ ಇಡಿಯಾಗಿ ಚಾಪೆಗೆ ಬಡಿದರೆ ಪೆಟ್ಟಿನ ಭಾರ ಒಂದೇ ಜಾಗಕ್ಕೆ ಬೀಳದೆ ಹಂಚಿಹೋಗುತ್ತದೆ. ಆದರೆ ಬೀಳುವ ಮನುಷ್ಯ ಸಹಜವಾಗಿ ಅಂಗೈ ಊರುತ್ತಾನೆ. ಆಗಲೇ ಮಣಿಕಟ್ಟು ಅಥವಾ ಕೊರಳೆಲುಬು ಮುರಿಯುವುದು, ಮೊಣಕೈ ಕೀಲು ತಪ್ಪುವುದು. ಈ ಹುಟ್ಟುಗುಣವನ್ನು ಮರೆಸಲು ನೂರಾರು ಸಲ ಬೀಳುವುದೊಂದೇ ದಾರಿ. ಎಪ್ಪತ್ತು ಕಿಲೋ ತೂಕದ ಯುವಕನಿಗೆ ಇದು ಎಂಟು ವರ್ಷದ ಮಗುವಿಗಿಂತ ಹೆಚ್ಚು ಅಗತ್ಯ.

ಹದಿನೆಂಟು ಇಪ್ಪತ್ತು ದಾಟಿದ ಮೇಲೆ, ಇನ್ನು ಕೆಲವರು ಮೂವತ್ತೈದರಲ್ಲಿ, ಅಭ್ಯಾಸ ಶುರುಮಾಡುತ್ತಾರೆ. ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಕೀಲನ್ನು ಹಿಡಿದಿರುವ ಅಸ್ಥಿರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ; ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೈಯಲ್ಲಿ ಕಸುವು ಬಂದಿದೆ, ಕೀಲು ಇನ್ನೂ ಸಿದ್ಧವಾಗಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಇರುವುದು ಈ ನಡುವಿನ ಕಾಲದಲ್ಲಿ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನದ ಬಿಡುವು, ಆರಂಭದಲ್ಲಿ ಹತ್ತು ಹದಿನೈದು ನಿಮಿಷ ಮೈ ಬಿಸಿಮಾಡುವ ವ್ಯಾಯಾಮ ಇರಲಿ. ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದಿಡಿ.

ಮೊಣಕೈ ಪಟ್ಟಿಗೆ ಸಿಕ್ಕಾಗ ಎರಡು ಬಾರಿ ತಟ್ಟಿದರೆ ಎದುರಾಳಿ ಕೂಡಲೇ ಬಿಡಬೇಕು. ಹುಡುಗರು ನಾಚಿಕೆಯಿಂದ ತಟ್ಟದೆ ಹಲ್ಲುಕಚ್ಚಿ ಕೂರುತ್ತಾರೆ. ಇದು ಧೈರ್ಯವಲ್ಲ, ಹುಂಬತನ.

ಎಲ್ಲ ಎಚ್ಚರವಿದ್ದರೂ ಪೆಟ್ಟಾಗುವುದುಂಟು. ಜಪಾನಿನ ಯಸುಹಿರೊ ಯಾಮಾಶಿತಾ ಅವರಂಥ ಮಹಾಮಲ್ಲರ ಕಾಲಿನ ಮೂಳೆ 1980ರ ಅಖಿಲ ಜಪಾನ್ ಸ್ಪರ್ಧೆಯಲ್ಲಿ 'ಕಾನಿ ಬಸಾಮಿ' ಎಂಬ ಪಟ್ಟಿನಿಂದ ಮುರಿಯಿತು. ಎದುರಾಳಿಯ ಕಾಲನ್ನು ಏಡಿಯಂತೆ ಕತ್ತರಿಗೆ ಸಿಕ್ಕಿಸುವ ಆ ಪಟ್ಟನ್ನು ಮುಂದೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಿಷೇಧಿಸಲಾಯಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರು ಮೀನಖಂಡದ ಗಾಯದಿಂದ ಕುಂಟುತ್ತಲೇ ಚಿನ್ನ ಗೆದ್ದರು. ಮೆಚ್ಚತಕ್ಕದ್ದೇ; ಆದರೆ ಕಾಲೇಜಿನ ಸಂಜೆಯ ಅಭ್ಯಾಸಕ್ಕೆ ಅದು ಮಾದರಿಯಲ್ಲ.

ಹಿಮ್ಮಡಿಯ ಗಂಟು ಉಳುಕಿದರೆ ಮನೆಯಲ್ಲಿ ಏನು ಮಾಡುತ್ತೇವೆ? ಎಣ್ಣೆ ಹಚ್ಚಿ ತಿಕ್ಕುತ್ತೇವೆ, ಬಿಸಿನೀರಿನ ಶಾಖ ಕೊಡುತ್ತೇವೆ, ಉಳುಕು ತೆಗೆಸಲು ಹೋಗುತ್ತೇವೆ. ಮೊದಲ ಎರಡು ಮೂರು ದಿನ ಇವು ಮೂರೂ ಬೇಡ, ಊತ ಹೆಚ್ಚುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಗಾಯ ಅದರಿಂದ ಬೇಗ ಮಾಗುತ್ತದೆ ಎಂಬ ಭರವಸೆ ಇಲ್ಲ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಮೂಳೆಯನ್ನೇ ಒತ್ತಿದಾಗ ನೋವಿದ್ದರೆ, ಎಕ್ಸ್-ರೇ ಬೇಕು. ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಈ ಸರಳ ನಿಯಮ ಇಂದಿಗೂ ಬಳಕೆಯಲ್ಲಿದೆ. ಮುರಿತವಿಲ್ಲವೆಂದಾದರೆ ವಾರಗಟ್ಟಲೆ ಮಲಗುವುದೂ ತಪ್ಪು. ಎರಡು ಮೂರು ದಿನಗಳಲ್ಲಿ ಪಾದವನ್ನು ನಿಧಾನವಾಗಿ ಆಡಿಸತೊಡಗಬೇಕು.

ಮೊಣಕಾಲಲ್ಲಿ 'ಟಪ್' ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗಿನ ರಜ್ಜು ಹರಿದಿರಬಹುದು. ಮೂಳೆ ತಜ್ಞರಿಗೆ ತೋರಿಸದೆ ಮತ್ತೆ ಚಾಪೆ ಹತ್ತಬೇಡಿ.

ತಲೆಗೆ ಪೆಟ್ಟಾಗಿ ಒಂದು ಕ್ಷಣ ಮಂಕು ಕವಿದರೂ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ಎಚ್ಚರ ತಪ್ಪಲೇಬೇಕೆಂದಿಲ್ಲ. ವಾಂತಿ, ಏರುತ್ತಿರುವ ತಲೆನೋವು, ತೂಕಡಿಕೆ, ತೊದಲು ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲ್ಲದಿದ್ದರೂ ಒಂದೆರಡು ದಿನ ಹಗುರ ವಿಶ್ರಾಂತಿ ಬೇಕು. ಆಮೇಲೆ ಹಂತ ಹಂತವಾಗಿ, ವೈದ್ಯರ ಒಪ್ಪಿಗೆಯ ಮೇಲೆಯೇ ಕುಸ್ತಿ.

ಆ ಬಿಡುವಿನಲ್ಲಿ ಮನೆಯಲ್ಲೇ ಕೂರಬೇಕಿಲ್ಲ. ಚಾಪೆಯ ಅಂಚಿನಲ್ಲಿ ಕುಳಿತು ಇತರರನ್ನು ಗಮನಿಸುವುದಕ್ಕೆ ಜಪಾನಿನಲ್ಲಿ 'ಮಿತೊರಿ ಗೇಕೊ' ಎಂಬ ಹೆಸರೇ ಇದೆ. ಅದನ್ನೂ ಅಭ್ಯಾಸವೆಂದೇ ಎಣಿಸುತ್ತಾರೆ. ಮರಳಿ ಬಂದ ದಿನ ಬರೀ ಬೀಳುವುದನ್ನು ಮಾಡಿ, ಯಾವ ಕಾಲು ಇನ್ನೂ ನೋಯುತ್ತಿದೆಯೆಂದು ಜೊತೆಗಾರನಿಗೆ ಮೊದಲೇ ತಿಳಿಸಿ.