ಕ್ಷಯವಿಲ್ಲದ್ದೆಂಬ ಹೆಸರು

ನಕ್ಷತ್ರವೆಂದರೆ ಕ್ಷಯವಿಲ್ಲದ್ದು. ವೈಯಾಕರಣರು ಹೇಳಿದ ಈ ನಿಷ್ಪತ್ತಿಯನ್ನು ನಾನು ಅನೇಕ ವರ್ಷ ಎಂ.ಎ. ತರಗತಿಗಳಲ್ಲಿ ಯಾವ ಸಂದೇಹವೂ ಇಲ್ಲದೆ ಪಾಠ ಹೇಳಿದೆ. ನಿವೃತ್ತಿಯ ಬಿಡುವಿನಲ್ಲಿ ಖಗೋಳವಿಜ್ಞಾನದ ಗ್ರಂಥಗಳನ್ನು ಓದತೊಡಗಿದ ಮೇಲೆ ಆ ಪಾಠದ ಬಗೆಗೆ ಅಳುಕು ಹುಟ್ಟಿತು. ಅಳುಕನ್ನು ಹುಟ್ಟಿಸಿದ ನಕ್ಷತ್ರಗುಚ್ಛವೊಂದರ ಕಥೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ಸುಮಾರು 1,60,000 ಜ್ಯೋತಿರ್ವರ್ಷಗಳ ದೂರದಲ್ಲಿ, ನಮ್ಮ ಆಕಾಶಗಂಗೆಯ ನೆರೆಯಲ್ಲಿ, ದೊಡ್ಡ ಮೆಗೆಲನ್ ಮೇಘವೆಂಬ ಕುಬ್ಜ ಗೆಲಾಕ್ಸಿಯಿದೆ. ದೊಡ್ಡದೆಂಬುದು ಅದರ ಕಿರಿಯ ಸಂಗಾತಿಗೆ ಹೋಲಿಸಿ ಇಟ್ಟ ಹೆಸರು. ಆಕಾಶಗಂಗೆಯ ಎದುರು ಅದು ವಾಮನನೇ ಸರಿ. ಆದರೆ ಈ ವಾಮನನ ಒಡಲಿನಲ್ಲಿರುವ ಟರಾಂಟುಲಾ ನೀಹಾರಿಕೆಯಷ್ಟು ಉಜ್ವಲವಾದ ನಕ್ಷತ್ರಗಳ ಹೆರಿಗೆಮನೆ ನೆರೆಹೊರೆಯ ಬೇರಾವ ಗೆಲಾಕ್ಸಿಯಲ್ಲಿಯೂ ಇಲ್ಲ. ಎರಡು ಮೇಘಗಳೂ ಪರಸ್ಪರ ಸೆಳೆದಾಡಿದಾಗ ಅನಿಲರಾಶಿಗಳು ಒತ್ತರಿಸಿಕೊಂಡು ದಟ್ಟವಾಗಿ ಈ ಜನನಕ್ಕೆ ಎಡೆಯಾಯಿತೆಂದು ಬಲ್ಲವರು ಊಹಿಸುತ್ತಾರೆ.

ನೀಹಾರಿಕೆಯ ನಡುವೆ ಆರ್ 136 ಎಂಬ ಬೆಳಕಿನ ಬಿಂದುವಿದೆ. 1980ರ ದಶಕದ ಆರಂಭದಲ್ಲಿ ಕೆಲವರು ಅದರ ತಿರುಳನ್ನು, ಸೂರ್ಯನ ಸಾವಿರ ಮಡಿಗೂ ಮಿಗಿಲಾದ ತೂಕದ ಒಂದೇ ಮಹಾನಕ್ಷತ್ರವೆಂದು ಬಗೆದಿದ್ದರು. 1985ರಲ್ಲಿ ಜರ್ಮನಿಯ ವೈಗೆಲ್ಟ್ ಮತ್ತು ಬೈಯರ್ ಎಂಬ ವಿಜ್ಞಾನಿಗಳು ವಾಯುಮಂಡಲದ ತುಯ್ದಾಟದ ದೋಷವನ್ನು ಕಳೆಯುವ ಕ್ರಮದಿಂದ ನೋಡಿದಾಗ ಆ ಒಂದು ಎಂಟಾಗಿ ಬಿಡಿಸಿಕೊಂಡಿತು. ಮುಂದೆ ಹಬಲ್ ದೂರದರ್ಶಕವು ಗುಚ್ಛದಲ್ಲಿ ಸಾವಿರಾರು ನಕ್ಷತ್ರಗಳನ್ನು ತೋರಿಸಿತು. ಅವುಗಳಲ್ಲಿ ಅತ್ಯಂತ ಭಾರವಾದುದು, ಈಚಿನ ಅಳತೆಗಳಂತೆ, ಸೂರ್ಯನ ಸುಮಾರು 200 ಮಡಿ.

ಗುಚ್ಛದ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷ. ನಮ್ಮ ಸೂರ್ಯನದು 460 ಕೋಟಿ. ಆದರೂ ಮೊದಲು ಅಳಿಯುವುದು ಆ ಎಳೆಯ ಭಾರಿ ನಕ್ಷತ್ರಗಳೇ. ಇಂಧನ ಹೆಚ್ಚಿದ್ದರೂ ಅವುಗಳ ದುಂದು ಅದಕ್ಕಿಂತ ಹೆಚ್ಚು. ಕೆಲವೇ ಹತ್ತು ಲಕ್ಷ ವರ್ಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಅಷ್ಟರೊಳಗೆ ಅವುಗಳ ನೇರಳಾತೀತ ಕಿರಣಗಳೂ ಬಿರುಗಾಳಿಗಳೂ ತಮ್ಮನ್ನು ಹೆತ್ತ ಅನಿಲವನ್ನೇ ದೂರ ತಳ್ಳಿ, ಹುಟ್ಟಬಹುದಾಗಿದ್ದ ತಮ್ಮಂದಿರಿಗೆ ಬಾಗಿಲು ಮುಚ್ಚುತ್ತವೆ. ಕುಬ್ಜ ಗೆಲಾಕ್ಸಿಯ ಸೆಳೆತ ದುರ್ಬಲವಾದುದರಿಂದ ಹಾಗೆ ಹೊರಟ ಅನಿಲದಲ್ಲಿ ಕೆಲಭಾಗ ಮರಳಿ ಬಾರದೆಯೂ ಹೋಗಬಹುದು. ಆದರೆ ಅದೇ ಒತ್ತಡ ಅಂಚಿನಲ್ಲಿ ಅನಿಲವನ್ನು ಅಮುಕಿ ಹೊಸ ನಕ್ಷತ್ರಗಳಿಗೆ ಕಾರಣವಾಗುವುದೂ ಉಂಟು.

1987ರ ಫೆಬ್ರವರಿಯಲ್ಲಿ ಈ ನೀಹಾರಿಕೆಯ ಸಮೀಪದಲ್ಲಿಯೇ ನಕ್ಷತ್ರವೊಂದು ಸಿಡಿದುದನ್ನು ದಕ್ಷಿಣ ಗೋಳಾರ್ಧದ ಜನರು ಬರಿಗಣ್ಣಿನಿಂದ ಕಂಡರು. ನಮ್ಮ ಉಸಿರಿನ ಆಮ್ಲಜನಕವೂ ನೆತ್ತರಿನ ಕಬ್ಬಿಣವೂ ಎಂದೋ ನಡೆದ ಇಂಥ ಮರಣಗಳಿಂದ ಬಂದವು.

ಇಂದು ಮತ್ತೆ ತರಗತಿಯಲ್ಲಿ ನಿಂತರೆ ಆ ನಿಷ್ಪತ್ತಿಯನ್ನು ನಾನು ಬಿಡುವುದಿಲ್ಲ. ಅದು ಪೂರ್ವಿಕರ ಬೆರಗಿನ ದಾಖಲೆ. ಆದರೆ ಅದನ್ನು ಹೇಳಿದ ಮೇಲೆ, ನಕ್ಷತ್ರಕ್ಕೂ ಕ್ಷಯವುಂಟು, ಆ ಕ್ಷಯದಿಂದಲೇ ನಾವು ಆದೆವು ಎಂಬ ಮಾತನ್ನು ಸೇರಿಸದೆ ಪಾಠವನ್ನು ಮುಗಿಸಲಾರೆ.