ಗೆಳತಿ ಹೇಳಿದ್ದನ್ನು ಗೆಳೆಯನಿಗೆ ತಲುಪಿಸು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಆದರೆ ಕನ್ನಡದಲ್ಲಿ 'ಪೆನ್ಸಿಲ್ ಕೊಡ್ತೀರಾ' ಎನ್ನುವ ಮಗುವಿನ ವಿನಯವೆಲ್ಲ ಕ್ರಿಯಾಪದದ ಕೊನೆಯಲ್ಲಿದೆ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಹಾಗಾಗಿ 'ಗಿವ್ ಮಿ ಪೆನ್ಸಿಲ್' ಎಂದ ಮಗುವನ್ನು ದಯವಿಟ್ಟು ಒರಟು ಎನ್ನಬೇಡಿ. 'ಕುಡ್ ಯು' ಎಂದು ಮಾತು ಎತ್ತುವ ರೂಢಿ ಅದಕ್ಕೆ ಹೊಸದು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವ ರಿಪೋರ್ಟೆಡ್ ಸ್ಪೀಚ್ ಇನ್ನೂ ಕಷ್ಟ. ನಮ್ಮಲ್ಲಿ ಹೇಳಿದ್ದನ್ನು ಹಾಗೇ ಇಟ್ಟು 'ಅಂತ' ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ 'ಐ' ಹೋಗಿ 'ಶಿ' ಬರಬೇಕು, 'ಆ್ಯಮ್' ಹೋಗಿ 'ವಾಸ್' ಬರಬೇಕು. ಕೋಷ್ಟಕ ಬರೆಸಿ ಉರು ಹೊಡೆಸಿದರೆ ಇದು ನಾಲಿಗೆಗೆ ಬರುವುದಿಲ್ಲ.

ಅದರ ಬದಲು ತರಗತಿಯಲ್ಲಿ ಮೂವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಒಬ್ಬಳು ಪಿಸುಮಾತಿನಲ್ಲಿ 'ಐ ಆ್ಯಮ್ ಹಂಗ್ರಿ' ಎನ್ನಲಿ. ಎರಡನೆಯವನು 'ಶಿ ಸೆಡ್ ಶಿ ವಾಸ್ ಹಂಗ್ರಿ' ಎಂದು ಮುಂದೆ ದಾಟಿಸಲಿ. ಮೂರನೆಯವನು ಅವಳತ್ತ ತಿರುಗಿ 'ವುಡ್ ಯು ಲೈಕ್ ಎ ಬನಾನಾ' ಎಂದು ಕೇಳಲಿ.