ಸಮ್ಮಿಲನ ಮುಗಿದ ಮೇಲೆ ಉಳಿಯುವುದೇನು?

(ಯುಎಇಯಲ್ಲಿ ವಾರ್ಷಿಕ ಕುಟುಂಬ ಸಮ್ಮಿಲನದ ಪೂರ್ವತಯಾರಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲ್ ಯಾವುದು, ಅತಿಥಿ ಯಾರು, ಊಟಕ್ಕೆ ಬಿರಿಯಾನಿಯೋ ನೈಚೋರೋ ಎಂಬ ಚರ್ಚೆ ಈಗಷ್ಟೇ ಆಯಿತು. ನನಗೆ ಕೊಟ್ಟಿರುವ ವಿಷಯ ‘ಪರಿಸರಸ್ನೇಹಿ ಕಾರ್ಯಕ್ರಮ’. ಗಿಡ ನೆಡುವ ಭಾಷಣ ಅಂದುಕೊಳ್ಳಬೇಡಿ. ನಾನು ಮಾತಾಡುವುದು ನಮ್ಮ ಹಣದ ಬಗ್ಗೆ. ಮತ್ತೆ, ನಾವೆಲ್ಲ ಮನೆಗೆ ಹೋದ ಮೇಲೆ ಹಾಲ್ ಗುಡಿಸುವವನ ಬಗ್ಗೆ.

ನಮ್ಮ ಫಂಡ್ ಎಲ್ಲಿಂದ ಬರುತ್ತದೆ? ಗ್ರೋಸರಿಯಲ್ಲಿ ನಿಲ್ಲುವವರು, ಡ್ರೈವರುಗಳು, ಕೆಫೆಟೇರಿಯಾದಲ್ಲಿ ಚಹಾ ಮಾಡುವವರು ತಿಂಗಳು ತಿಂಗಳು ಕೊಡುವ ಹತ್ತಿಪ್ಪತ್ತು ದಿರ್ಹಮಿನಿಂದ. ಕೆಲಸ ಹೋದವನಿಗೆ ಊರಿನ ಟಿಕೆಟ್ ತೆಗೆಯುವುದೂ ಅದೇ ದುಡ್ಡಿನಲ್ಲಿ, ಸಮ್ಮಿಲನದ ಬಿರಿಯಾನಿಯೂ ಅದೇ ದುಡ್ಡಿನಲ್ಲಿ. ಹಾಗಾಗಿ ಎಸೆದ ಪ್ರತಿಯೊಂದು ಪ್ಲೇಟ್ ಊಟ ಯಾರದೋ ಟಿಕೆಟಿನ ಒಂದು ತುಂಡು.

ಮೊದಲು ತಲೆ ಲೆಕ್ಕ. ‘ಸುಮಾರು ಐನೂರು ಜನ ಬರಬಹುದು, ಇರಲಿ, ಆರುನೂರಕ್ಕೆ ಹೇಳಿಬಿಡು’ ಎನ್ನುವಲ್ಲಿಂದಲೇ ನಷ್ಟ ಶುರು. ಪ್ರತಿ ಘಟಕದವರು ವಾಟ್ಸಾಪಿನಲ್ಲಿ ಹೆಸರು ತೆಗೆದುಕೊಳ್ಳಲಿ. ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಎಂದು ಬೇರೆ ಬೇರೆ ಬರೆಯಲಿ. ಐದು ವರ್ಷದ ಮಗುವಿಗೆ ದೊಡ್ಡವರ ಪ್ಲೇಟ್ ಬೇಡ. ಕೇಟರಿಂಗ್‌ನವರಿಗೆ ಕೊನೆಯ ಲೆಕ್ಕ ಯಾವಾಗ ಬೇಕು ಎಂದು ಮೊದಲೇ ಕೇಳಿ, ಅದರ ಹಿಂದಿನ ದಿನವೇ ಇನ್ನೊಮ್ಮೆ ಫೋನ್ ಮಾಡಿ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅಷ್ಟು ದೊಡ್ಡ ಲೆಕ್ಕ ನಮ್ಮ ಕೈಯಲ್ಲಿಲ್ಲ, ನಮ್ಮ ಐನೂರು ಪ್ಲೇಟಿನ ಲೆಕ್ಕ ಇದೆ.

‘ಉಳಿದರೆ ಕ್ಯಾಂಪಿಗೆ ಕೊಟ್ಟರಾಯಿತು’ ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬೇಯಿಸಿದ ಮಾಂಸದೂಟ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದೇ ಗಂಟೆ. ರಾತ್ರಿ ಹನ್ನೊಂದಕ್ಕೆ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟ ಅನ್ನದಿಂದ ಒಬ್ಬನಿಗೆ ವಾಂತಿ ಭೇದಿಯಾದರೆ, ಮರುದಿನದ ಅವನ ಸಂಬಳ ಯಾರು ಕೊಡುತ್ತಾರೆ? ಕೊಡುವುದಾದರೆ ಬಡಿಸುವ ಮೊದಲೇ ಬೇರೆ ತೆಗೆದಿಡಿ. ಇಲ್ಲಿ 2017ರಿಂದ ಯುಎಇ ಫುಡ್ ಬ್ಯಾಂಕ್ ಇದೆ. ಇಂಥ ಅನುಮತಿ ಇರುವ ಕಡೆ ಮೊದಲೇ ವಿಚಾರಿಸಿ.

ಇನ್ನು ನೀರು. ಒಬ್ಬರಿಗೆ ಅರ್ಧ ಲೀಟರಿನ ಮೂರು ಬಾಟಲಿ ಎಂದರೆ ಐನೂರು ಜನಕ್ಕೆ 1500 ಬಾಟಲಿ. ಅರ್ಧ ಕುಡಿದು ಕುರ್ಚಿಯ ಕೆಳಗೆ ಬಿಟ್ಟು ಹೋಗುವ ಬಾಟಲಿಗಳು. ಅಷ್ಟೇ ನೀರು ಐದು ಗ್ಯಾಲನ್‌ನ ಸುಮಾರು 40 ಕ್ಯಾನಿನಲ್ಲಿ ಬರುತ್ತದೆ, ಖಾಲಿ ಕ್ಯಾನ್ ಕಂಪನಿಯವರೇ ವಾಪಸ್ ಒಯ್ಯುತ್ತಾರೆ. ಮನೆಯಿಂದ ಒಂದು ಬಾಟಲಿ ತನ್ನಿ ಎಂದು ಆಮಂತ್ರಣದಲ್ಲೇ ಬರೆಯಿರಿ.

ತಟ್ಟೆ ಲೋಟದ ವಿಷಯದಲ್ಲಿ ಕಾನೂನೂ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಗಳಿಗೆ ಯುಎಇಯಲ್ಲಿ 2024ರ ಜನವರಿ 1ರಿಂದ ನಿಷೇಧ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ 2026ರ ಜನವರಿ 1ರಿಂದ. ಹಾಗಂತ ಕಾಗದದ ತಟ್ಟೆಯ ರಾಶಿ ಹಾಕುವುದೂ ಪರಿಹಾರವಲ್ಲ. ಮಂದಿ ರೈಸ್ ತಿನ್ನಲು ಹೋದಾಗ ನಾಲ್ವರು ಒಂದೇ ದೊಡ್ಡ ತಟ್ಟೆಗೆ ಕೈ ಹಾಕುತ್ತೇವಲ್ಲ? ಹಾಗೆ ಕುಳಿತರೆ ಐನೂರು ಜನಕ್ಕೆ 125 ಸ್ಟೀಲ್ ತಟ್ಟೆ ಸಾಕು. ತೊಳೆದರೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಬ್ಯಾನರಿನಲ್ಲಿ ಇಸವಿ ಹಾಕಬೇಡಿ, ಮುಂದಿನ ವರ್ಷಕ್ಕೂ ಆಗುತ್ತದೆ. ಮೆಟ್ರೋ ಅಥವಾ ಬಸ್ ಸ್ಟಾಪ್ ಹತ್ತಿರದ ಹಾಲ್ ನೋಡಿ. ದೂರದ ಕ್ಯಾಂಪುಗಳಿಗೆ ಒಂದು ಬಸ್ ಮಾಡಿದರೆ ಕಾರಿಲ್ಲದ ಸಹೋದರರೂ ಬರುತ್ತಾರೆ. ಇಲ್ಲದಿದ್ದರೆ ನಮ್ಮ ಸಮ್ಮಿಲನ ಕಾರಿದ್ದವರ ಸಮ್ಮಿಲನವಾಗಿ ಬಿಡುತ್ತದೆ.

ಇದೇನೂ ನಮ್ಮ ಹೊಸ ಶೋಧವಲ್ಲ. ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲೇ ಇದಕ್ಕಾಗಿ ಐಎಸ್‌ಒ 20121 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಅದರ ಸಾರ ಸರಳ: ಮೊದಲ ಸಭೆಯಲ್ಲೇ ಯೋಚಿಸು, ಜವಾಬ್ದಾರಿ ಹಂಚು, ಮುಗಿದ ಮೇಲೆ ಅಳೆದು ನೋಡು, ಮುಂದಿನ ಸಲ ತಿದ್ದಿಕೋ.

ರಜೆಯಲ್ಲಿ ಊರಿಗೆ ಹೋಗಿ ಮದುವೆ, ಮನೆ ಒಕ್ಕಲು ಮಾಡುವಾಗಲೂ ಇದು ನೆನಪಿರಲಿ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂತು. ಅಲ್ಲಿಯವರು ಮನೆ ಬಿಟ್ಟು ಹೋಗಬೇಕಾಯಿತು. ನಗರದ ಹಾಲ್‌ಗಳಲ್ಲಿ ಉಂಡು ಎಸೆದದ್ದು ಹೋಗಿ ಸೇರುವುದು ಇಂಥ ಗುಡ್ಡಕ್ಕೇ.

ಇಲ್ಲಿ ನಮ್ಮ ಹಾಲ್ ಗುಡಿಸುವವನೂ ನಮ್ಮ ಹಾಗೆ ಮನೆಯವರನ್ನು ಬಿಟ್ಟು ಬಂದವನು. ಅವನ ಭಾಷೆ ನೇಪಾಳಿಯೋ ಬಂಗಾಳಿಯೋ ಇರಬಹುದು. ಎಂಜಲು, ಬಾಟಲಿ, ಕಾಗದ ಎಲ್ಲ ಒಂದೇ ಚೀಲಕ್ಕೆ ತುರುಕಿ ಹೋದರೆ ಅವನ ನಿದ್ರೆ ಎರಡು ಗಂಟೆ ಹೋಗುತ್ತದೆ. ಮೂರು ಡಬ್ಬಿ ಇಟ್ಟು, ಪ್ರತಿ ಡಬ್ಬಿಯ ಪಕ್ಕ ನಮ್ಮ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಅಷ್ಟು ಕಷ್ಟ ತಪ್ಪುತ್ತದೆ.

ಹಾಗಾಗಿ ನನ್ನ ಬೇಡಿಕೆ ಎರಡೇ. ತಲೆ ಲೆಕ್ಕಕ್ಕೆ ಒಬ್ಬರು, ಊಟ-ನೀರಿಗೆ ಒಬ್ಬರು, ಶುಚಿತ್ವಕ್ಕೆ ಒಬ್ಬರು: ಈ ಮೂರು ಹೆಸರು ಇವತ್ತಿನ ನಡಾವಳಿಯಲ್ಲೇ ಬರೆಯಿರಿ. ಮತ್ತೆ, ಲೆಕ್ಕಪತ್ರ ಮಂಡಿಸುವ ದಿನ ಖರ್ಚಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಎಸೆದ ಅನ್ನ ಎಷ್ಟು ಕೆಜಿ. ಆ ಅಂಕಿ ಸದಸ್ಯರೆಲ್ಲರ ಮುಂದೆ ಓದಬೇಕು ಎಂದಾದರೆ ಆರ್ಡರ್ ಕೊಡುವಾಗಲೇ ನಮ್ಮ ಕೈ ಬಿಗಿಯಾಗುತ್ತದೆ.